‘ತೀರ್ಮಾನಿಸಲಾಯಿತು’ ಸರಿ, ಮಾಡುವವರು ಯಾರು?

ಮಾನ್ಯ ಸಂಪಾದಕರೇ,

ಸಭೆಗಳ ವರದಿಗಳಲ್ಲಿ, ನಡಾವಳಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಪದದ ಬಗ್ಗೆ ಈ ಪತ್ರ. ಆ ಪದ ‘ತೀರ್ಮಾನಿಸಲಾಯಿತು’. ಮಕ್ಕಳಿಗೆ ಸಂಜೆ ಓದಿನ ತರಗತಿ ನಡೆಸಲು ತೀರ್ಮಾನಿಸಲಾಯಿತು. ಹಿರಿಯರ ಮನೆಗಳಿಗೆ ವಾರಕ್ಕೊಮ್ಮೆ ಭೇಟಿ ಕೊಡಲು ತೀರ್ಮಾನಿಸಲಾಯಿತು. ವಾಕ್ಯದಲ್ಲಿ ಕರ್ತೃ ಇಲ್ಲ. ತಿಂಗಳು ಕಳೆಯುವಷ್ಟರಲ್ಲಿ ಕೆಲಸಕ್ಕೂ ಯಾರೂ ಇರುವುದಿಲ್ಲ. ಆಮೇಲೆ ಸಂಸ್ಥೆಯವರ ದೂರು ಶುರುವಾಗುತ್ತದೆ: ‘ಎಲ್ಲರೂ ಹೂಂ ಅಂದಿದ್ದರು, ಈಗ ಒಬ್ಬರೂ ಬರುತ್ತಿಲ್ಲ, ಜನರಿಗೆ ಬದ್ಧತೆಯೇ ಇಲ್ಲ.’

ಸಮುದಾಯದವರು, ಸ್ವಯಂಸೇವಕರು, ಸಂಬಳದ ಸಿಬ್ಬಂದಿ ಒಟ್ಟಿಗೆ ಕೂರುವ ಸಭೆಗಳನ್ನು ನಡೆಸಿಕೊಡುವುದು ನಮ್ಮ ಕೆಲಸ. ಈ ದೂರನ್ನು ನಾವು ಒಪ್ಪುವುದಿಲ್ಲ. ಮುಲಾಜಿಗೆ ಅಂದ ಹೂಂಗೂ ಯೋಚಿಸಿ ಅಂದ ಹೂಂಗೂ ವ್ಯತ್ಯಾಸವಿದೆ. ಬಹಳಷ್ಟು ಸಭೆಗಳು ಮೊದಲನೆಯದನ್ನು ಪಡೆದುಕೊಂಡು ಎರಡನೆಯದು ಸಿಕ್ಕಿತೆಂದು ಎದ್ದುಹೋಗುತ್ತವೆ. ಒಬ್ಬರು ‘ಇಲ್ಲ’ ಅನ್ನಲು ನಿಜವಾದ ಅವಕಾಶ ಇದ್ದ ಮೇಲೆ, ತಮ್ಮದೇ ಮಾತಿನಲ್ಲಿ, ತಾವೇ ಹಾಕಿಕೊಂಡ ಅಳತೆಯಲ್ಲಿ ‘ಇದನ್ನು ನಾನು ಮಾಡುತ್ತೇನೆ’ ಅಂದಾಗ ಮಾತ್ರ ಆ ಮಾತು ನಿಲ್ಲುತ್ತದೆ. ಅಂಥ ಮಾತು ತಾನಾಗಿ ಬರುವುದು ಅಪರೂಪ. ಅದು ಬರುವಂತೆ ಸಭೆಯನ್ನು ಮೊದಲೇ ಕಟ್ಟಬೇಕು. ಅದಕ್ಕೊಂದು ವಿಧಾನವಿದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು.

ಇದಕ್ಕೆ ಹಳೆಯ ಆಧಾರವೊಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಮಾಂಸದ ಅಭಾವವಿತ್ತು. ಗೃಹಿಣಿಯರು ಸಾಮಾನ್ಯವಾಗಿ ಮುಟ್ಟದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸುವಂತೆ ಮಾಡುವುದು ಹೇಗೆಂದು ಮನೋವಿಜ್ಞಾನಿ ಕರ್ಟ್ ಲೆವಿನ್ ಅಲ್ಲಿ ಪ್ರಯೋಗ ನಡೆಸಿದರು. ರೆಡ್‌ಕ್ರಾಸ್ ಸ್ವಯಂಸೇವಕಿಯರ ಆರು ಗುಂಪು, ಗುಂಪಿಗೆ 13ರಿಂದ 17 ಜನ, ತಲಾ 45 ನಿಮಿಷ. ಅರ್ಧದಷ್ಟು ಗುಂಪುಗಳಿಗೆ ಆಕರ್ಷಕವಾದ ಉಪನ್ಯಾಸ, ಉಳಿದವುಗಳಲ್ಲಿ ಚರ್ಚೆ ಮತ್ತು ಕೊನೆಗೆ ನಿರ್ಧಾರ. ಆಮೇಲೆ ವಿಚಾರಿಸಿದಾಗ, ಹಿಂದೆಂದೂ ಬಳಸದ ಮಾಂಸವನ್ನು ಮನೆಯಲ್ಲಿ ಬಡಿಸಿದವರು ಉಪನ್ಯಾಸ ಕೇಳಿದವರಲ್ಲಿ ಶೇ 3, ಚರ್ಚಿಸಿ ನಿರ್ಧರಿಸಿದವರಲ್ಲಿ ಶೇ 32.

ಇದನ್ನು ಓದಿದವರು ‘ಹಾಗಾದರೆ ಚರ್ಚೆ ಮಾಡಿಸಿದರೆ ಸಾಕು’ ಎಂದುಕೊಳ್ಳುತ್ತಾರೆ. ಅದು ಅರ್ಧ ಪಾಠ ಮಾತ್ರ. 1955ರಲ್ಲಿ ಎಡಿತ್ ಬೆನೆಟ್ ಎಂಬ ಸಂಶೋಧಕಿ ಲೆವಿನ್ ಪ್ರಯೋಗದಲ್ಲಿ ಕಲಸಿಹೋಗಿದ್ದ ಅಂಶಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು: ಚರ್ಚೆ, ನಿರ್ಧಾರ, ಆ ನಿರ್ಧಾರವನ್ನು ಎಲ್ಲರೆದುರು ಹೇಳುವುದು, ಗುಂಪಿನಲ್ಲಿ ಎಷ್ಟು ಜನ ತನ್ನಂತೆಯೇ ನಿರ್ಧರಿಸಿದ್ದಾರೆ ಎಂಬ ಅರಿವು. ಬರೀ ಚರ್ಚೆ ಉಪನ್ಯಾಸಕ್ಕಿಂತ ಹೆಚ್ಚೇನೂ ಸಾಧಿಸಲಿಲ್ಲ. ಎಲ್ಲರೆದುರು ಕೈ ಎತ್ತಿಸಿದ್ದರಿಂದಲೂ ಹೆಚ್ಚಿನ ಲಾಭವಾಗಲಿಲ್ಲ. ಕೆಲಸ ಮಾಡಿದ್ದು ಎರಡು: ನಿರ್ಧರಿಸಿ ಎಂದು ಸ್ಪಷ್ಟವಾಗಿ ಕೇಳಿದ್ದು, ಮತ್ತು ಉಳಿದವರೂ ಒಪ್ಪಿದ್ದಾರೆ ಎಂದು ಪ್ರತಿಯೊಬ್ಬರಿಗೂ ತೋರಿದ್ದು. ಸಂಸ್ಥೆಗಳು ಸಾಮಾನ್ಯವಾಗಿ ಮಾಡುವ ಎರಡು ತಪ್ಪುಗಳನ್ನು ಇದು ಒಟ್ಟಿಗೇ ತೋರಿಸಿಕೊಡುತ್ತದೆ. ಒಂದು ಬಗೆಯ ಸಭೆಯಲ್ಲಿ ಎರಡು ಗಂಟೆ ಚೆನ್ನಾಗಿ ಮಾತಾಡಿ, ‘ಒಳ್ಳೆಯ ಚರ್ಚೆಯಾಯಿತು’ ಎಂದು ವಂದನಾರ್ಪಣೆ ಮಾಡಿ ಕಳಿಸುತ್ತಾರೆ. ನಿರ್ಧಾರವನ್ನು ಯಾರೂ ಕೇಳುವುದೇ ಇಲ್ಲ. ಇನ್ನೊಂದು ಬಗೆಯಲ್ಲಿ ವೇದಿಕೆಯ ಮೇಲಿಂದ ‘ಯಾರ್ಯಾರು ಬರ್ತೀರಿ, ಕೈ ಎತ್ತಿ’ ಎಂದು ಮುಜುಗರ ಮಾಡಿ ಕೈ ಎತ್ತಿಸುತ್ತಾರೆ. ಎರಡರಲ್ಲೂ ಕೈಗೆ ಏನೂ ಹತ್ತುವುದಿಲ್ಲ.

ಕೇಳುವ ಪ್ರಶ್ನೆಗಳಿಗೊಂದು ಕ್ರಮವಿದೆ. ಇನ್‌ಸ್ಟಿಟ್ಯೂಟ್ ಆಫ್ ಕಲ್ಚರಲ್ ಅಫೇರ್ಸ್ ಎಂಬ ಸಂಸ್ಥೆ ಬೆಳೆಸಿದ ನಾಲ್ಕು ಮೆಟ್ಟಿಲಿನ ಮಾತುಕತೆಯನ್ನು ಜಗತ್ತಿನ ಅನೇಕ ಕಡೆ ಬಳಸುತ್ತಾರೆ: ಮೊದಲು ಕಂಡದ್ದು, ಆಮೇಲೆ ಅನಿಸಿದ್ದು, ಆಮೇಲೆ ಅದರ ಅರ್ಥ, ಕೊನೆಗೆ ನಿರ್ಧಾರ. ಮನುಷ್ಯರು ಯಾವುದೇ ವಿಷಯವನ್ನು ಒಳಗೆ ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಸಭೆಗಳು ಮಾತ್ರ ಮೊದಲನೆಯದರಿಂದ ನೇರ ನಾಲ್ಕನೆಯದಕ್ಕೆ ಹಾರುತ್ತವೆ: ಅಂಕಿಅಂಶ ತೋರಿಸಿ, ‘ಈಗ ಯಾರು ಏನು ಮಾಡ್ತೀರಿ?’

ಸಂಜೆ ಓದಿನ ತರಗತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆರಂಭದಲ್ಲಿ 18 ಸ್ವಯಂಸೇವಕರಿದ್ದರು, ಈಗ 5 ಜನ ಉಳಿದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಮೆಟ್ಟಿಲಿನ ಪ್ರಶ್ನೆ: ‘ಕಳೆದ ತಿಂಗಳು ತರಗತಿಯಲ್ಲಿ ನೀವು ಕಣ್ಣಾರೆ ಕಂಡಿದ್ದೇನು? ಎಷ್ಟು ಮಕ್ಕಳು, ಎಷ್ಟು ದಿನ, ಯಾವ ದಿನ ಬೀಗ ತೆಗೆಯಲಿಲ್ಲ?’ ಇಲ್ಲಿ ಅಭಿಪ್ರಾಯ ಬಂದರೆ, ‘ಅದಕ್ಕೆ ಆಮೇಲೆ ಬರೋಣ, ಕಂಡಿದ್ದು ಹೇಳಿ’ ಎಂದು ಮೆತ್ತಗೆ ತಡೆಯಬೇಕು. ಎರಡನೆಯದು: ‘ಇದರಲ್ಲಿ ಯಾವುದು ನಿಮಗೆ ಖುಷಿ ಕೊಟ್ಟಿತು, ಯಾವುದು ಸುಸ್ತು ಮಾಡಿತು, ಎಲ್ಲಿ ಬೇಜಾರಾಯಿತು?’ ‘ಬಂದರೂ ಯಾರೂ ಮಾತಾಡಿಸುವುದಿಲ್ಲ, ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ, ಸುಮ್ಮನೆ ಕೂತು ವಾಪಸ್ ಹೋಗ್ತೀನಿ’ ಎಂಬಂಥ ಮಾತು ಹೊರಬರುವುದು ಈ ಮೆಟ್ಟಿಲಿನಲ್ಲೇ. ಮೂರನೆಯದು: ‘ಇದರಿಂದ ನಮಗೆ ಏನು ತಿಳಿಯಿತು? ನಿಜವಾದ ತೊಡಕು ಯಾವುದು?’ ಜನರ ಕೊರತೆ ಎಂದು ಶುರುವಾದ ಸಭೆ, ಬಂದವರನ್ನು ಬರಮಾಡಿಕೊಂಡು ಕೆಲಸ ಹಂಚುವವರಿಲ್ಲ ಎಂಬಲ್ಲಿಗೆ ತಿರುಗುವುದು ಇಲ್ಲಿ. ನಾಲ್ಕನೆಯದು: ‘ಮುಂದಿನ ನಾಲ್ಕು ವಾರ ಏನು ಮಾಡೋಣ, ಅದರಲ್ಲಿ ನೀವು ಯಾವುದನ್ನು ಹೊರುತ್ತೀರಿ?’

ಎರಡನೇ ಮೆಟ್ಟಿಲನ್ನು ಬಿಟ್ಟುಬಿಡುವವರು ಬಹಳ. ‘ಭಾವನೆಗಳನ್ನೆಲ್ಲ ಕೇಳುತ್ತಾ ಕೂತರೆ ಹೊತ್ತು ಹೋಗುತ್ತದೆ’ ಎಂಬ ವಾದ. ಬಿಟ್ಟರೆ ಆ ಅಸಮಾಧಾನ ಎಲ್ಲಿಗೂ ಹೋಗುವುದಿಲ್ಲ. ನಾಲ್ಕನೇ ಮೆಟ್ಟಿಲಿನಲ್ಲಿ ‘ಅದು ಆಗಲ್ಲ, ಇದು ಆಗಲ್ಲ’ ಎಂಬ ತಕರಾರಾಗಿ ಬರುತ್ತದೆ. ಇಲ್ಲವಾದರೆ ಸಭೆಯಲ್ಲಿ ಮೌನ, ಹೊರಗೆ ಗೇಟಿನ ಬಳಿ ಗುಸುಗುಸು. ಹತ್ತು ನಿಮಿಷ ಕೊಟ್ಟರೆ ಸಾಕಿತ್ತು.

ಈಗ ಗಣಿತ. 24 ಜನರ ಸಭೆಯಲ್ಲಿ ಒಬ್ಬೊಬ್ಬರೂ ಎರಡು ನಿಮಿಷ ಮಾತಾಡಿದರೆ 48 ನಿಮಿಷ ಬೇಕು. ಅದೂ ಒಂದೇ ಪ್ರಶ್ನೆಗೆ. ಆದ್ದರಿಂದ ದೊಡ್ಡ ಸಭೆಯಲ್ಲಿ ನಾಲ್ಕೈದು ಜನ ಮಾತಾಡುತ್ತಾರೆ, ಉಳಿದವರು ಕೇಳಿಸಿಕೊಂಡು ಎದ್ದುಹೋಗುತ್ತಾರೆ. ಅದೇ 24 ಜನರನ್ನು ಮೂವರ ಎಂಟು ಗುಂಪು ಮಾಡಿದರೆ ಆರೇ ನಿಮಿಷದಲ್ಲಿ ಎಲ್ಲರಿಗೂ ಎರಡೆರಡು ನಿಮಿಷ ಸಿಗುತ್ತದೆ. ಒಂದು ಸಲ ಬಾಯಿ ಬಿಟ್ಟವರು ಆ ಸಭೆಯಲ್ಲಿ ಮತ್ತೆ ಮಾತಾಡಲು ಹಿಂಜರಿಯುವುದು ಕಡಿಮೆ. ಆದ್ದರಿಂದ ಮೊದಲ ಹತ್ತು ನಿಮಿಷದೊಳಗೆ ಪ್ರತಿಯೊಬ್ಬರ ದನಿಯೂ ಒಮ್ಮೆ ಕೇಳಿಸಬೇಕು ಎಂಬುದು ನಮ್ಮ ಕಟ್ಟುನಿಟ್ಟಿನ ನಿಯಮ. ಹೆಸರು ಮತ್ತು ಒಂದು ವಾಕ್ಯ, ಅಷ್ಟಾದರೂ ಸಾಕು.

ಎರಡೂವರೆ ಗಂಟೆಯ ಸಭೆಯನ್ನು ನಾವು ಹೀಗೆ ಹಂಚುತ್ತೇವೆ. ಸ್ವಾಗತ, ಉದ್ದೇಶ, ಎಲ್ಲರ ದನಿ: 15 ನಿಮಿಷ. ಕಂಡದ್ದು: 20. ಅನಿಸಿದ್ದು, ಮೂವರ ಗುಂಪಿನಲ್ಲಿ ಶುರುಮಾಡಿ: 20. ಅರ್ಥ, ಆರು ಜನರ ಗುಂಪಿನಲ್ಲಿ: 30. ಬಿಡುವು: 15. ನಿರ್ಧಾರ ಮತ್ತು ಹೊಣೆ: 40. ಓದಿ ಹೇಳಿ ಮುಗಿಸುವುದು: 10. ಕೊನೆಯ 40 ನಿಮಿಷವನ್ನು ಯಾವ ಕಾರಣಕ್ಕೂ ಕಡಿಯಬಾರದು. ಸಭೆ ತಡವಾಗಿ ಶುರುವಾದರೆ ವಿಷಯ ಕಡಿಮೆ ಮಾಡಿ, ಈ 40 ನಿಮಿಷಕ್ಕೆ ಕೈ ಹಾಕಬೇಡಿ. ಮುಖ್ಯ ಅತಿಥಿ, ಪ್ರಾಸ್ತಾವಿಕ ನುಡಿ ಎಂದು ಅರ್ಧ ಗಂಟೆ ತಿಂದು, ಹೊಣೆ ಹಂಚುವ ಹೊತ್ತಿಗೆ ಅರ್ಧ ಜನ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದರೆ ಆ ಸಭೆಯಿಂದ ಏನನ್ನೂ ನಿರೀಕ್ಷಿಸುವಂತಿಲ್ಲ.

ಕುರ್ಚಿಗಳನ್ನು ವೃತ್ತದಲ್ಲಿಡಿ, ನಡುವೆ ಮೇಜು ಬೇಡ. ಸಾಲಿನಲ್ಲಿ ಕೂರಿಸಿದರೆ ಕಾಣುವುದು ಮುಂದಿನವರ ಬೆನ್ನು. ಉಳಿದವರೂ ಒಪ್ಪಿದ್ದಾರೆ ಎಂದು ತೋರಬೇಕು ಅಂದೆವಲ್ಲ, ಬೆನ್ನು ನೋಡಿದರೆ ಅದು ತೋರುವುದಿಲ್ಲ. ಸಾಮಾನು ಹೆಚ್ಚೇನೂ ಬೇಡ: ಗೋಡೆಗೆ ಅಂಟಿಸಲು ಆರೇಳು ದೊಡ್ಡ ಹಾಳೆ, ಕಪ್ಪು ಮತ್ತು ನೀಲಿ ಮಾರ್ಕರ್ ಪೆನ್ (ಕೆಂಪು, ಹಳದಿ ದೂರದಿಂದ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ), ತಲೆಗೆ ಐದರಂತೆ ಅಂಗೈಯಗಲದ ಕಾರ್ಡು, ಅಂಟುಪಟ್ಟಿ, ಗಡಿಯಾರ. ಅಕ್ಷರ ವೃತ್ತದ ಆಚೆ ತುದಿಯಿಂದ ಓದುವಷ್ಟು ದಪ್ಪಗಿರಲಿ. ಓದುಬರಹ ಬಾರದವರಿದ್ದರೆ ಕಾರ್ಡಿನಲ್ಲಿ ಅಕ್ಷರದ ಬದಲು ಚಿತ್ರ ಬರೆಸಿ, ಇಲ್ಲವೇ ಪಕ್ಕದವರು ಕೇಳಿ ಬರೆದುಕೊಳ್ಳಲಿ. ಯಾರಿಗೆ ಓದಲು ಬರುವುದಿಲ್ಲ ಎಂದು ಸಭೆಯಲ್ಲಿ ಎದ್ದು ಕೇಳುವುದು ಮಾತ್ರ ಬೇಡ, ಎಲ್ಲರಿಗೂ ಜೋಡಿಯಾಗಿಯೇ ಕೆಲಸ ಕೊಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಮೊದಲು ಮೂರು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ, ಮಾತು ಆಮೇಲೆ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಮ್ಮ ಯೋಚನೆ ಮರೆಯುತ್ತಾರೆ, ಇಲ್ಲವೇ ಮೊದಲು ಮಾತಾಡಿದವರ ದಾರಿಗೇ ಬೀಳುತ್ತಾರೆ. ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಮನೋವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಟ್ಟಿಗೆ ಕೂತು ಮಾತಾಡಿದ ಗುಂಪುಗಳಿಗಿಂತ ಅಷ್ಟೇ ಜನ ಒಬ್ಬೊಬ್ಬರೇ ಕೂತು ಯೋಚಿಸಿದಾಗ ಹೆಚ್ಚು ವಿಚಾರಗಳು ಬಂದವು. ಮುಖ್ಯ ಕಾರಣ ಈ ಸರದಿ ಕಾಯುವಿಕೆಯೇ. ಬರೆದ ಮೇಲೆ ಹಂಚಿಕೊಂಡರೆ ಎರಡರ ಲಾಭವೂ ಸಿಗುತ್ತದೆ.

ಇನ್ನು ಮೌನ. ಶಾಲಾ ತರಗತಿಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಮಾತಾಡುವವರು ಹೆಚ್ಚಾದರು. ದೊಡ್ಡವರ ಸಭೆಗೂ ಇದು ಒಪ್ಪುತ್ತದೆ. ‘ಇದರಲ್ಲಿ ನಿಮಗೆ ಕಷ್ಟವಾಗುವುದು ಯಾವುದು?’ ಎಂದು ಕೇಳಿ ನಿಂತಾಗ ಏನಾಗುತ್ತದೆ ನೋಡಿ. ಮೊದಲ ಎರಡು ಸೆಕೆಂಡು ಎಲ್ಲರೂ ನೆಲ ನೋಡುತ್ತಾರೆ. ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾರೆ. ನಡೆಸುವವರ ಎದೆಯಲ್ಲಿ ಅವಸರ ಶುರುವಾಗಿ, ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳೋಣವೇ, ಒಂದು ಉದಾಹರಣೆ ಕೊಡೋಣವೇ ಅನಿಸುತ್ತದೆ. ಕೊಡಬಾರದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಏಳೆಂಟಕ್ಕೆ ಬರುವಷ್ಟರಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಾಗೆ ಬರುವ ಮಾತು ಸಾಮಾನ್ಯವಾಗಿ ಇಡೀ ಸಭೆಯ ಅತ್ಯಂತ ಬೆಲೆಬಾಳುವ ಮಾತು.

ಬಂದ ಮಾತನ್ನು ಹಾಳೆಯ ಮೇಲೆ ಅವರ ಪದದಲ್ಲೇ ಬರೆಯಿರಿ. ‘ಯಾರೂ ಮಾತಾಡಿಸಲ್ಲ’ ಅಂದದ್ದು ‘ಸಂವಹನದ ಕೊರತೆ’ ಆಗಬಾರದು. ಪದ ಬದಲಾದ ಕೂಡಲೇ ಹೇಳಿದವರಿಗೆ ಅದು ತಮ್ಮ ಮಾತಲ್ಲ ಅನಿಸುತ್ತದೆ. ತಮ್ಮದಲ್ಲದ ಮಾತಿಗೆ ಯಾರೂ ಹೆಗಲು ಕೊಡುವುದಿಲ್ಲ. ಉದ್ದವಾದರೆ, ‘ಇದನ್ನು ಐದು ಪದದಲ್ಲಿ ಹೇಗೆ ಬರೆಯಲಿ?’ ಎಂದು ಅವರನ್ನೇ ಕೇಳಿ.

ನಮ್ಮ ಕನ್ನಡದಲ್ಲಿ ಕಿವಿಗೊಟ್ಟು ಕೇಳಬೇಕಾದ್ದು ಕ್ರಿಯಾಪದದ ಕೊನೆ. ‘ಆಗಬೇಕು’ ಅಂದರೆ ಮಾಡುವವರೇ ಇಲ್ಲ. ‘ಮಾಡಬೇಕು’ ಅಂದರೆ ಇನ್ನೊಬ್ಬರು. ‘ಮಾಡೋಣ’ ಅಂದರೆ ಎಲ್ಲರೂ, ಅಂದರೆ ಸದ್ಯಕ್ಕೆ ಯಾರೂ ಅಲ್ಲ. ‘ನೋಡೋಣ’ ಎಂಬುದು ಮರ್ಯಾದೆಯ ‘ಇಲ್ಲ’. ‘ಟ್ರೈ ಮಾಡ್ತೀನಿ’ ಎಂಬುದರಲ್ಲಿ ಅರ್ಧ ಅಂಜಿಕೆ ಇದೆ. ‘ಮಂಗಳವಾರ ಸಂಜೆ ಐದಕ್ಕೆ ನಾನು ಬೀಗ ತೆಗೀತೀನಿ’ ಎಂಬಲ್ಲಿ ಮಾತ್ರ ಮನುಷ್ಯ, ದಿನ, ಹೊತ್ತು, ಕೆಲಸ ನಾಲ್ಕೂ ಇವೆ. ಇದು ಬರೀ ಭಾಷೆಯ ಸೂಕ್ಷ್ಮವಲ್ಲ. ವ್ಯಸನ ಬಿಡಿಸುವ ಆಪ್ತಸಮಾಲೋಚನೆಗಳನ್ನು ವಿಶ್ಲೇಷಿಸಿ ಪಾಲ್ ಅಮ್ರೈನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ನಡವಳಿಕೆಯ ಸುಳಿವು ಸಿಕ್ಕಿದ್ದು ವ್ಯಕ್ತಿಯ ಬದ್ಧತೆಯ ಮಾತು ಮಾತುಕತೆಯ ಕೊನೆಯತ್ತ ಎಷ್ಟು ಗಟ್ಟಿಯಾಗುತ್ತ ಹೋಯಿತು ಎಂಬುದರಲ್ಲಿ. ಆಸೆ, ಅಗತ್ಯ, ಕಾರಣಗಳನ್ನು ಹೇಳಿಕೊಳ್ಳುವುದು ಅಲ್ಲಿಗೆ ಹೋಗುವ ದಾರಿ.

ಆದ್ದರಿಂದ ‘ಮಾಡೋಣ’ ಕೇಳಿದರೆ ನಡೆಸುವವರು ಸಂತೋಷಪಟ್ಟು ಬರೆದುಕೊಳ್ಳುವ ಬದಲು ಇನ್ನೊಂದು ಪ್ರಶ್ನೆ ಕೇಳಬೇಕು: ‘ಇದರಲ್ಲಿ ನಿಮ್ಮ ಪಾಲು ಎಷ್ಟಿರಲಿ?’ ‘ನೋಡೋಣ’ ಅಂದರೆ, ‘ಯಾವುದು ಅಡ್ಡ ಬರುತ್ತಿದೆ?’ ‘ಟ್ರೈ ಮಾಡ್ತೀನಿ’ ಅಂದರೆ, ‘ಯಾವ ಅಳತೆಗೆ ಇಳಿಸಿದರೆ ಖಂಡಿತ ಮಾಡಬಹುದು ಅನಿಸುತ್ತೆ?’ ವಾರಕ್ಕೆ ಎರಡು ದಿನ ಎಂದವರು ಹದಿನೈದು ದಿನಕ್ಕೊಮ್ಮೆ ಎಂದು ಇಳಿಸಿದರೆ ಅದು ಸೋಲಲ್ಲ. ಉಳಿಯುವ ಸಣ್ಣ ಮಾತು ಮುರಿಯುವ ದೊಡ್ಡ ಮಾತಿಗಿಂತ ಎಷ್ಟೋ ಮೇಲು. ಮುರಿದವರು ನಾಚಿಕೆಯಿಂದ ಸಭೆಗೇ ಬರುವುದನ್ನು ಬಿಡುತ್ತಾರೆ. ಸಂಸ್ಥೆ ಕಳೆದುಕೊಳ್ಳುವುದು ಎರಡು ದಿನದ ಕೆಲಸವನ್ನಲ್ಲ, ಆ ಮನುಷ್ಯರನ್ನೇ.

ಮಾತು ಕೊಟ್ಟವರಿಗೆ ಇನ್ನೊಂದು ಹೆಜ್ಜೆ ಹಾಕಿಸಿ: ‘ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ’ ಎಂಬ ವಾಕ್ಯ. ‘ಮಂಗಳವಾರ ಆಫೀಸಿನಲ್ಲಿ ತಡವಾದರೆ ನಾಲ್ಕು ಗಂಟೆಯೊಳಗೆ ನನ್ನ ಜೋಡಿಗೆ ಫೋನ್ ಮಾಡಿ ಬೀಗದ ಕೈ ಎಲ್ಲಿದೆ ಎಂದು ಹೇಳುತ್ತೇನೆ.’ ಮನೋವಿಜ್ಞಾನಿಗಳಾದ ಪೀಟರ್ ಗಾಲ್ವಿಟ್ಜರ್ ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗಂಟುಹಾಕಿಕೊಂಡ ಸಂಕಲ್ಪಗಳು ಬರೀ ಸಂಕಲ್ಪಗಳಿಗಿಂತ ಚೆನ್ನಾಗಿ ಈಡೇರಿದ್ದು ಕಂಡುಬಂತು. ಒಂದು ಕಾರ್ಡು, ಎರಡು ಸಾಲು, ಐದು ನಿಮಿಷದ ಕೆಲಸ. ಇದಕ್ಕಿಂತ ಅಗ್ಗದ ಉಪಾಯ ನಮಗೆ ಗೊತ್ತಿಲ್ಲ.

‘ಇಲ್ಲ’ ಎಂಬ ಮಾತಿಗೆ ಜಾಗ ಮಾಡುವುದು ಹೇಗೆ? ಮೊದಲು, ಆಹ್ವಾನದಲ್ಲೇ ಮೂರು ವಿಷಯ ಸ್ಪಷ್ಟವಾಗಿ ಬರೆಯಿರಿ: ಈಗಾಗಲೇ ತೀರ್ಮಾನವಾಗಿರುವುದು ಯಾವುದು, ನಿಮ್ಮ ಮಾತಿನಿಂದ ಬದಲಾಗಬಹುದಾದ್ದು ಯಾವುದು, ಪೂರ್ತಿ ನಿಮ್ಮ ಕೈಗೇ ಬಿಟ್ಟಿರುವುದು ಯಾವುದು. ಎಲ್ಲವೂ ತೀರ್ಮಾನವಾಗಿದ್ದರೆ ಅದನ್ನು ಸಮಾಲೋಚನೆ ಎಂದು ಕರೆಯಬೇಡಿ, ಮಾಹಿತಿ ಸಭೆ ಎನ್ನಿ. ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯ ಎಂಟು ಮೆಟ್ಟಿಲುಗಳನ್ನು ವಿವರಿಸಿದಾಗ ಅತ್ಯಂತ ಕೆಳಗೆ ಇಟ್ಟಿದ್ದು, ಪಾಲ್ಗೊಳ್ಳುವಿಕೆಯ ಹೆಸರಿನಲ್ಲಿ ನಡೆಯುವ ಕೈಚಳಕವನ್ನು. ಜನ ಅದನ್ನು ಒಂದೇ ಸಭೆಯಲ್ಲಿ ಗುರುತಿಸುತ್ತಾರೆ, ಬಹಳ ಕಾಲ ಮರೆಯುವುದಿಲ್ಲ.

ಎರಡನೆಯದಾಗಿ, ಒಪ್ಪಿಗೆಯ ಪ್ರಮಾಣವನ್ನು ಅಳೆಯಿರಿ. ‘ಎಲ್ಲರಿಗೂ ಒಪ್ಪಿಗೆಯೇ?’ ಎಂದು ಕೇಳಿದರೆ ತಲೆಗಳು ಅಲ್ಲಾಡುತ್ತವೆ. ಅದರ ಬದಲು ಬೆರಳೆಣಿಕೆ: ಮುಷ್ಟಿ ಅಂದರೆ ಇದನ್ನು ಹೀಗೆಯೇ ಬಿಡಲಾರೆ, ಒಂದು ಅಂದರೆ ದೊಡ್ಡ ಆಕ್ಷೇಪವಿದೆ, ಎರಡು ಅಂದರೆ ಸ್ವಲ್ಪ ಬದಲಾಗಬೇಕು, ಮೂರು ಅಂದರೆ ಇದರೊಂದಿಗೆ ಬದುಕಬಲ್ಲೆ, ನಾಲ್ಕು ಅಂದರೆ ಒಳ್ಳೆಯದು, ಐದು ಅಂದರೆ ನಾನೇ ಮುಂದೆ ನಿಲ್ಲುತ್ತೇನೆ. ಮೂರು ಎಣಿಸಿ ಎಲ್ಲರೂ ಒಂದೇ ಕ್ಷಣ ತೋರಿಸಬೇಕು, ಇಲ್ಲದಿದ್ದರೆ ಅಧ್ಯಕ್ಷರ ಕೈ ನೋಡಿ ಬೆರಳುಗಳು ಏಳುತ್ತವೆ. ಮುಷ್ಟಿ, ಒಂದು, ಎರಡು ತೋರಿಸಿದವರನ್ನು ಮೊದಲು ಕೇಳಿ. ‘ಯಾಕೆ ಒಪ್ಪಲಿಲ್ಲ?’ ಎಂದು ಕೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ. ‘ಏನು ಬದಲಾದರೆ ಇದು ಮೂರಕ್ಕೆ ಬರುತ್ತದೆ?’ ಎಂದು ಕೇಳಿ. ಎಲ್ಲರೂ ಬರೀ ಮೂರು ತೋರಿಸಿದರೂ ಎಚ್ಚರ ಬೇಕು. ಬೇಡ ಎನ್ನುವವರಿಲ್ಲ, ಹೊರುವವರೂ ಇಲ್ಲ ಎಂದು ಅರ್ಥ. ಒಂದಾದರೂ ಐದು ಬರದ ಕೆಲಸವನ್ನು ಆ ದಿನ ಕೈಬಿಡುವುದೇ ಪ್ರಾಮಾಣಿಕ ದಾರಿ. ಅಮೆರಿಕದ ನಿರ್ವಹಣಾ ತಜ್ಞ ಜೆರ್ರಿ ಹಾರ್ವೆ 1974ರಲ್ಲಿ ಅಬಿಲೀನ್ (ಅಲ್ಲಿನ ಒಂದು ಊರು) ವಿರೋಧಾಭಾಸ ಎಂದು ಹೆಸರಿಟ್ಟಿದ್ದು ಇದರ ಇನ್ನೊಂದು ಮುಖಕ್ಕೆ: ಒಳಗೊಳಗೆ ಯಾರಿಗೂ ಬೇಡವಾದದ್ದನ್ನು, ಉಳಿದವರಿಗೆ ಬೇಕಿರಬಹುದೆಂದು ಎಲ್ಲರೂ ಸೇರಿ ಒಪ್ಪಿಬಿಡುವುದು.

ಸಮುದಾಯದವರು, ಸ್ವಯಂಸೇವಕರು, ಸಿಬ್ಬಂದಿ ಈ ಮೂವರ ‘ಹೂಂ’ಗೂ ಬೇರೆ ಬೇರೆ ತೂಕವಿದೆ. ಸಿಬ್ಬಂದಿಗೆ ಇದು ಹೊಟ್ಟೆಪಾಡು. ಮೇಲಿನವರು ಎದುರಿಗಿದ್ದಾಗ ಅವರು ಇಲ್ಲ ಎನ್ನುವುದು ಕಷ್ಟ. ಆದ್ದರಿಂದ ಮುಖ್ಯಸ್ಥರು ಕೊನೆಗೆ ಮಾತಾಡಬೇಕು, ಮೂವರ ಗುಂಪಿನಲ್ಲಿ ತಮ್ಮ ಕೈಕೆಳಗಿನವರೊಂದಿಗೆ ಕೂರಬಾರದು. ಸಿಬ್ಬಂದಿಯನ್ನು ಇನ್ನೊಂದು ಪ್ರಶ್ನೆಯೂ ಕೇಳಬೇಕು: ‘ಇದನ್ನು ಹೊತ್ತರೆ ಯಾವುದನ್ನು ಕೆಳಗಿಡುತ್ತೀರಿ?’ ಮುಖ್ಯಸ್ಥರು ಅಲ್ಲೇ ‘ಆ ಕೆಲಸ ಈ ತಿಂಗಳು ಬೇಡ’ ಎಂದು ಹೇಳದೆ ಹೋದರೆ ಸಿಬ್ಬಂದಿಯ ಬದ್ಧತೆ ಬರೀ ಹೆಚ್ಚುವರಿ ದುಡಿಮೆ. ಸ್ವಯಂಸೇವಕರ ವಿಷಯ ತಿರುಗುಮುರುಗು. ಅವರು ಯಾವಾಗ ಬೇಕಾದರೂ ಸದ್ದಿಲ್ಲದೆ ಹೋಗಬಹುದು. ಅವರಿಗೆ ಬೇಕಾದ್ದು ಮುಗಿಯುವ ದಿನ. ‘ನಮ್ಮ ಜೊತೆಗಿರಿ’ ಎಂದರೆ ಅದಕ್ಕೆ ದಡವಿಲ್ಲ, ‘12 ವಾರ, ವಾರಕ್ಕೆ ಎರಡು ಗಂಟೆ, ಆಮೇಲೆ ಕೂತು ಮಾತಾಡೋಣ’ ಎಂದರೆ ಹೂಂ ಅನ್ನುವುದು ಸುಲಭ, ಉಳಿಯುವುದೂ ಸುಲಭ.

ಸಮುದಾಯದವರು ಮಾತ್ರ ಎಲ್ಲಿಗೂ ಹೋಗುವವರಲ್ಲ, ಫಲವನ್ನೂ ಪೆಟ್ಟನ್ನೂ ಅನುಭವಿಸುವವರು ಅವರೇ. ಅವರನ್ನು ಕೊನೆಗೆ ಕರೆದು ‘ಸಹಕಾರ ಕೊಡಿ’ ಎನ್ನುವುದು ಅನ್ಯಾಯ. ಮೊದಲ ಮೆಟ್ಟಿಲಿನ ಪ್ರಶ್ನೆ, ಅಂದರೆ ಕಣ್ಣಾರೆ ಕಂಡಿದ್ದೇನು ಎಂಬುದು, ಅವರಿಂದಲೇ ಶುರುವಾಗಲಿ. ಸಿಬ್ಬಂದಿ ಪರದೆಯ ಮೇಲೆ ತಮ್ಮ ಅಂಕಿಅಂಶ ತೋರಿಸುತ್ತಾ ಮೊದಲು ಮಾತಾಡಿದರೆ ಆಮೇಲೆ ಸಮುದಾಯದವರ ಬಾಯಲ್ಲಿ ಬರುವುದು ಬರೀ ‘ಸರಿ’. ಅವರಲ್ಲಿ ಏನಿಲ್ಲ ಎಂದು ಪಟ್ಟಿ ಮಾಡುವ ಮೊದಲು ಏನಿದೆ ಎಂದೂ ಕೇಳಬೇಕು: ಯಾರಿಗೆ ಹೊಲಿಗೆ ಬರುತ್ತದೆ, ಯಾರ ಬಳಿ ಬಿಡುವಿನ ಬೆಳಗಿದೆ, ಯಾರ ಮಾತನ್ನು ಹುಡುಗರು ಕೇಳುತ್ತಾರೆ. ಬರೀ ಫಲಾನುಭವಿ ಎಂದು ಕರೆಸಿಕೊಂಡವರು ಹೊಣೆ ಹೊರಲು ಮುಂದೆ ಬರುವುದಿಲ್ಲ.

ಕೆಡುವ ಜಾಗಗಳು ಇನ್ನೂ ಇವೆ. ಗುಂಪು ಚರ್ಚೆಯ ನಂತರದ ವರದಿ ಒಪ್ಪಿಸುವಿಕೆ ಒಂದು. ಆರು ಗುಂಪು ಐದೈದು ನಿಮಿಷ ಅಂದರೆ ಅರ್ಧ ಗಂಟೆ, ಅದರಲ್ಲಿ ಮುಕ್ಕಾಲು ಪಾಲು ಹೇಳಿದ್ದೇ ಹೇಳುವುದು. ಪ್ರತಿ ಗುಂಪಿನಿಂದಲೂ ‘ಬೇರೆಯವರು ಹೇಳದ ಒಂದೇ ಮಾತು’ ಕೇಳಿ, ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರೇ ಮಾತಾಡುತ್ತಾ ಹೋದರೆ ಅವರ ಮಾತಿನ ತಿರುಳನ್ನು ಹಾಳೆಯ ಮೇಲೆ ಬರೆದು ತೋರಿಸಿ, ‘ಸರಿಯಾಗಿ ಬಂತೇ?’ ಎಂದು ಕೇಳಿ. ಹೆಚ್ಚು ಮಾತಾಡುವವರಲ್ಲಿ ಬಹಳ ಜನ ತಮ್ಮ ಮಾತು ಯಾರಿಗೂ ತಲುಪಿಲ್ಲ ಎಂದು ಮತ್ತೆ ಮತ್ತೆ ಹೇಳುವವರು. ‘ಆಮೇಲೆ ನೋಡೋಣ’ ಎಂದು ಬದಿಗಿಟ್ಟ ವಿಷಯಗಳ ಹಾಳೆಗೆ ಸಭೆ ಮುಗಿಯುವ ಮೊದಲು ಒಬ್ಬರ ಹೆಸರು, ಒಂದು ದಿನಾಂಕ ಬೀಳಲೇಬೇಕು. ನಡೆಸುವವರಿಗೇ ವಿಷಯದಲ್ಲಿ ಪಾಲಿದ್ದರೆ, ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟು, ತಮ್ಮ ಕುರ್ಚಿಯಲ್ಲಿ ಕೂತು ಮಾತಾಡಿ, ಮತ್ತೆ ಎದ್ದು ಬರಬೇಕು. ನಡುವೆ ನಿಂತು ತಮ್ಮ ಅಭಿಪ್ರಾಯವನ್ನು ಪ್ರಶ್ನೆಯ ರೂಪದಲ್ಲಿ ತುರುಕಬಾರದು.

ಎಲ್ಲಕ್ಕೂ ಇದು ಮದ್ದಲ್ಲ. ಹಣದ ದುರುಪಯೋಗ, ಕಿರುಕುಳದ ದೂರು ಇವನ್ನು ವೃತ್ತದಲ್ಲಿ ಕೂತು ಮಾತಾಡಿ ಬಗೆಹರಿಸಲು ಹೋಗಬಾರದು, ನೊಂದವರಿಗೆ ಅದು ಎರಡನೇ ಹಿಂಸೆ. ಅದಕ್ಕೆ ನಿಯಮದ ದಾರಿ ಬೇರೆಯೇ ಇದೆ.

ಸಭೆ ಮುಗಿದ ಮೇಲಿನ ಕೆಲಸದಲ್ಲಿ ಅರ್ಧ ಫಲ ಅಡಗಿದೆ. 48 ಗಂಟೆಯೊಳಗೆ ಒಂದೇ ಪುಟ ಎಲ್ಲರ ಕೈ ಸೇರಲಿ: ಯಾರು, ಏನು, ಯಾವಾಗ, ಅಡ್ಡಿ ಬಂದರೆ ಯಾರಿಗೆ ಹೇಳಬೇಕು. ಅವರವರ ಮಾತಿನಲ್ಲೇ. ಪಟ್ಟಿಯ ಮೊದಲ ಸಾಲಿನಲ್ಲಿ ಸಂಸ್ಥೆಯೇ ಕೊಟ್ಟ ಮಾತಿರಲಿ: ಪುಸ್ತಕ ತರಿಸುವುದು, ದೀಪ ಸರಿಮಾಡಿಸುವುದು, ಏನಾದರೂ. ಸಂಸ್ಥೆ ತನ್ನ ಮಾತನ್ನು ಮೊದಲು ಮುರಿದರೆ ಉಳಿದ ಯಾವ ಮಾತಿಗೂ ಬೆಲೆ ಉಳಿಯುವುದಿಲ್ಲ, ಇದರಲ್ಲಿ ನಮಗೆ ಒಂದಿಷ್ಟೂ ಸಂಶಯವಿಲ್ಲ. ಎರಡು ವಾರಕ್ಕೆ ಒಂದು ಫೋನ್. ‘ಆಯ್ತಾ?’ ಎಂಬ ಪ್ರಶ್ನೆಗೆ ಸಿಗುವುದು ನೆಪ. ‘ಯಾವುದು ಅಂದುಕೊಂಡ ಹಾಗೆ ನಡೀತಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ?’ ಎಂದರೆ ಮಾತು ಬಿಚ್ಚುತ್ತದೆ. ಆಗದಿದ್ದರೆ ಅಳತೆ ಕಡಿಮೆ ಮಾಡಲು, ಬೇರೆಯವರಿಗೆ ದಾಟಿಸಲು, ಮರ್ಯಾದೆಯಿಂದ ಕೈಬಿಡಲು ಅವಕಾಶವಿರಲಿ. ಮುಂದಿನ ಸಭೆ ಈ ಪಟ್ಟಿಯನ್ನು ಓದುವುದರಿಂದಲೇ ಶುರುವಾಗಬೇಕು: ಆದದ್ದು, ಬದಲಾದದ್ದು, ಬಿಟ್ಟದ್ದು. ಬೈಗುಳವಿಲ್ಲ, ಚಪ್ಪಾಳೆಯ ಅಬ್ಬರವೂ ಬೇಡ. ಆರು ಸಭೆ ಹೀಗೆ ನಡೆದರೆ ಜನ ‘ಮಾಡೋಣ’ ಎಂದು ಹೇಳುವುದನ್ನು ತಾವಾಗಿ ಬಿಡುತ್ತಾರೆ.

ನಿಮ್ಮಲ್ಲಿ ಒಂದು ವಿನಂತಿಯಿದೆ. ಸಂಘ ಸಂಸ್ಥೆಗಳ ಸಭೆಯ ಸುದ್ದಿಯಲ್ಲಿ ವೇದಿಕೆಯ ಮೇಲಿದ್ದವರ ಹೆಸರಿಗೆ ಕೊಡುವ ಜಾಗದಲ್ಲಿ ಒಂದೆರಡು ಸಾಲನ್ನು, ಯಾವ ಕೆಲಸವನ್ನು ಯಾರು ಯಾವ ದಿನದೊಳಗೆ ಹೊತ್ತಿದ್ದಾರೆ ಎಂಬುದಕ್ಕೆ ಕೊಡಿ. ಹೊತ್ತವರ ಒಪ್ಪಿಗೆ ಪಡೆದೇ ಹೆಸರು ಹಾಕಿ. ಒಪ್ಪಿಗೆ ಇಲ್ಲದಿದ್ದರೆ ‘ಏಳು ಜನ ಈ ಕೆಲಸಕ್ಕೆ ಮುಂದೆ ಬಂದಿದ್ದಾರೆ’ ಎಂಬ ಎಣಿಕೆ ಸಾಕು. ವರದಿಗಾರರು ಸಭೆಯ ಕೊನೆಯಲ್ಲಿ ಆ ಒಂದು ಪ್ರಶ್ನೆ ಕೇಳಿದರೆ, ಸಭೆ ನಡೆಸುವವರು ಉತ್ತರವನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ಆ ಉತ್ತರ ಸಿದ್ಧವಾಗಬೇಕೆಂದರೆ ಕೊನೆಯ 40 ನಿಮಿಷವನ್ನು ಅವರು ಉಳಿಸಿಕೊಳ್ಳಲೇಬೇಕು.

ಇಂತಿ,
ಸಮುದಾಯ ಸಭೆಗಳನ್ನು ನಡೆಸಿಕೊಡುವ ಸುಗಮಕಾರರು